ಗಿರಿಜಕ್ಕ ಕೇಳಿ ಪಡೆದ ಕಿಟಕಿ

ಗಿರಿಜಕ್ಕ ಕೊಂಡಾದ ಮೇಲೆ ಬೆಲೆ ಕೇಳುತ್ತಿದ್ದರು. ಕೊಳ್ಳುವ ಮುಂಚೆ ಎಲ್ಲರೂ ಕೇಳುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಇವರು ಸೀರೆ ಕೊಂಡು, ಫಾಲ್ ಹೊಲಿಸಿ, ಒಂದು ಸಲ ಉಟ್ಟು ಒಗೆದಿಟ್ಟ ಮೇಲೂ ಗಾಂಧಿ ಬಜಾರಿನ ಅದೇ ಅಂಗಡಿಯ ಮೆಟ್ಟಿಲು ಹತ್ತಿ, ಅದೇ ತರದ ಸೀರೆಯ ಮೇಲೆ ಬೆರಳಿಟ್ಟು, "ಇದಕ್ಕೆ ಈಗೆಷ್ಟು?" ಅನ್ನುತ್ತಿದ್ದರು. ನಮ್ಮಂಥವರಾದರೆ ಕೊಂಡ ಸಾಮಾನಿನ ಬೆಲೆ ಇಳಿದಿದೆ ಎಂದು ಯಾರಾದರೂ ಹೇಳಲು ಬಂದರೂ ಕಿವಿ ಮುಚ್ಚಿಕೊಳ್ಳುತ್ತೇವೆ. ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುವುದು ಯಾರಿಗೆ ಬೇಕು? ಒಮ್ಮೆ ನಾನು ಅವರೆದುರು, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ಹೇಳಿ ನಕ್ಕೆ. ಅವರು ನಗಲಿಲ್ಲ.

"ಅಟ್ಟ ಮೇಲೆ ಒಲೆ ಉರಿದ್ರೆ ಅದರ ಮೇಲೆ ಒಂದು ಚೊಂಬು ನೀರಿಡು ಮಾರಾಯ, ಸ್ನಾನಕ್ಕಾಗುತ್ತೆ. ಅದಕ್ಯಾಕೆ ಅಳ್ತೀಯ?" ಎಂದರು.

ಬೆಲೆ ಇಳಿದಿದ್ದು ಗೊತ್ತಾದರೆ ಅವರು ದುಡ್ಡು ವಾಪಸು ಕೇಳುತ್ತಿರಲಿಲ್ಲ. ಕೊಸರು ಕೇಳುತ್ತಿದ್ದರು. ಸೊಪ್ಪಿನವಳು ಲೆಕ್ಕದ ಕಟ್ಟು ಕೊಟ್ಟಾದ ಮೇಲೆ ನಾಲ್ಕು ಎಸಳು ಕರಿಬೇವು ಎಸೆಯುವುದಿಲ್ಲವೇ, ಹೂವಿನವಳು ಮೊಳ ಹಾಕಿದ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸುವುದಿಲ್ಲವೇ, ಆ ಕೊಸರು. ಸೀರೆ ಅಂಗಡಿಯಲ್ಲಾದರೆ ಒಂದು ಕುಪ್ಪಸದ ಬಟ್ಟೆ, ಪಾತ್ರೆ ಅಂಗಡಿಯಲ್ಲಾದರೆ ಒಂದು ಸೌಟು. "ದುಡ್ಡು ವಾಪಸ್ ಕೇಳಿದ್ರೆ ಜಗಳ ಆಗುತ್ತೆ, ಕೊಸರು ಕೇಳಿದ್ರೆ ಸಂಬಂಧ ಆಗುತ್ತೆ" ಎನ್ನುವುದು ಅವರ ಮಾತು. ವ್ಯಾಪಾರಿಗಳು ಗೊಣಗಿಕೊಂಡೇ ಕೊಡುತ್ತಿದ್ದರು. ಕೊಡಲು ಇನ್ನೊಂದು ಕಾರಣವೂ ಇತ್ತು. ಅವರು ಕೊಂಡ ಮೇಲೆ ಬೆಲೆ ಏರಿದರೆ ಆಗಲೂ ಅವರು ಅಂಗಡಿಗೆ ಬರುತ್ತಿದ್ದರು. ಒಂದು ವರ್ಷ ಈರುಳ್ಳಿ ದರ ಆಕಾಶಕ್ಕೆ ಹಾರಿದಾಗ, ಹಿಂದಿನ ವಾರವಷ್ಟೇ ಅವರಿಗೆ ಅಗ್ಗಕ್ಕೆ ಒಂದು ಚೀಲ ಕೊಟ್ಟಿದ್ದ ಬಾಷಾ ಸಾಬರ ಗಾಡಿಯ ಹತ್ತಿರ ಹೋಗಿ, ಜೋಳದ ರೊಟ್ಟಿಯ ಗಂಟು ಮತ್ತು ಶೇಂಗಾ ಚಟ್ನಿಪುಡಿ ಇಟ್ಟು, "ಈ ಸಲ ನೀನು ಸೋತೆಯಲ್ಲಪ್ಪ, ತಗೋ" ಎಂದು ಬಂದಿದ್ದನ್ನು ನಾನೇ ನೋಡಿದ್ದೇನೆ.

ನೋಡಿದ್ದೇನೆ ಎಂದರೆ, ನನ್ನ ಅಂಗಡಿ ಇದ್ದದ್ದೇ ಆ ಗಾಡಿಯ ಎದುರಿಗೆ. ಮೊದಲು ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದೆ. ಜನ ಸಾಲು ನಿಂತು ದುಬೈಗೆ, ಮುಂಬೈಗೆ ಫೋನು ಮಾಡುತ್ತಿದ್ದ ಕಾಲ. ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂದು ಬೂತು ಬಿಕೋ ಎನ್ನತೊಡಗಿದಾಗ, ಒಂದು ಗಾಜಿನ ಡಬ್ಬವನ್ನು ಮಾತ್ರ ಉಳಿಸಿಕೊಂಡು ಉಳಿದ ಜಾಗದಲ್ಲಿ ಮೇಜು ಹಾಕಿ ಟ್ರಾವೆಲ್ಸ್ ಎಂದು ಬೋರ್ಡು ಬರೆಸಿದೆ. ಬಸ್ಸು, ರೈಲು, ಟ್ಯಾಕ್ಸಿ, ಯಾತ್ರೆ ಎಲ್ಲದಕ್ಕೂ ಬುಕಿಂಗ್.

ಗಿರಿಜಕ್ಕ ನನ್ನ ಮೊದಲ ಗಿರಾಕಿಗಳಲ್ಲಿ ಒಬ್ಬರು. ರವೀಂದ್ರನಗರದಲ್ಲಿ ಅವರ ಸ್ವಂತ ಮನೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಶಿವಮೊಗ್ಗದಲ್ಲಿ ಯಾರಿಗೂ ಇದ್ದಂತೆ ಕಾಣೆ. ನಿವೃತ್ತರಾಗುವ ತನಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದರು. ಅಡಿಕೆ ಮಂಡಿಯವರಿಗೆ ಉತ್ತರದ ವ್ಯಾಪಾರಿಗಳನ್ನು, ಬಾಣಂತಿಯರಿಗೆ ತವರನ್ನು, ಸಾವಿನ ಸುದ್ದಿಗೆ ಅದನ್ನು ಕೇಳಬೇಕಾದವರನ್ನು ಜೋಡಿಸಿಕೊಟ್ಟ ಕೈ ಅದು. ಕಿವಿಗೆ ಬಿದ್ದದ್ದನ್ನು ಒಂದು ದಿನವೂ ಬಾಯಿಗೆ ತಂದವರಲ್ಲ. "ನಾವು ತಂತಿ ಇದ್ದಂಗೆ ಕಣೋ. ತಂತಿಗೆ ಕತೆ ಗೊತ್ತಿರುತ್ತಾ?" ಅನ್ನುತ್ತಿದ್ದರು. ಅದೇ ನೌಕರಿ ಅವರಿಗೊಂದು ಅಭ್ಯಾಸ ಅಂಟಿಸಿತ್ತು. ಫೋನನ್ನು ಅವರು ತಾವಾಗಿ ಮೊದಲು ಇಡುತ್ತಿರಲಿಲ್ಲ. ಎದುರಿನವರು ಇಡಬೇಕು, ಕಟ್ಟಾದ ಸದ್ದು ಕೇಳಬೇಕು, ಆಮೇಲೆ ರಿಸೀವರ್ ಕೆಳಗೆ. ನನ್ನ ಬೂತಿನಲ್ಲಿ ಅವರು ನಿಂತರೆಂದರೆ ಹಿಂದಿನವರೆಲ್ಲ ಕೈಗಡಿಯಾರ ನೋಡಿಕೊಳ್ಳಬೇಕಾಗುತ್ತಿತ್ತು. ನನಗೆ ವ್ಯಾಪಾರವಾಗುತ್ತಿತ್ತು ನಿಜ, ಆದರೂ ಅವರು ಬರುವುದು ಕಂಡರೆ ಮೇಜಿನ ಕೆಳಗೆ ಏನೋ ಹುಡುಕುವವನ ಹಾಗೆ ಬಗ್ಗುತ್ತಿದ್ದೆ. ಹತ್ತು ಸಲ ಕೇಳಿದ್ದನ್ನು ಹನ್ನೊಂದನೇ ಸಲ ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಅದು ನನ್ನ ಸ್ವಭಾವ.

ಗಿರಿಜಕ್ಕನಿಗೆ ಒಬ್ಬ ಅಕ್ಕ, ಭದ್ರಾವತಿಯಲ್ಲಿ. ನೀಲಮ್ಮ ಅಂತ. ತಾಯಿ ತೀರಿಕೊಂಡಾಗ ಗಿರಿಜಕ್ಕ ಇನ್ನೂ ಮಾತು ಕಲಿಯುತ್ತಿದ್ದ ಕೂಸು. ಹೊಸದಾಗಿ ಮದುವೆಯಾಗಿ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದ ನೀಲಮ್ಮ ತಂಗಿಯನ್ನೂ ಕಂಕುಳಲ್ಲಿ ಎತ್ತಿಕೊಂಡೇ ಗಂಡನ ಮನೆಯ ಹೊಸ್ತಿಲು ದಾಟಿದರಂತೆ. ಸಾಕಿದರು, ಓದಿಸಿದರು, ನೌಕರಿಗೆ ಕಳಿಸಿದರು. ಈಗ ಅವರ ಗಂಡ ಇರಲಿಲ್ಲ. ಮಗ ಸೊಸೆಯ ಜೊತೆ ಹಳೇ ಕ್ವಾರ್ಟರ್ಸಿನ ಹತ್ತಿರವೇ ಇದ್ದರು. ಎರಡೂ ಮಂಡಿ ಸವೆದು, ಬಾಗಿಲ ಒಳಗಿನ ಒಂದು ಬೆತ್ತದ ಕುರ್ಚಿಗೆ ಅಂಟಿಬಿಟ್ಟಿದ್ದರು. ಪಕ್ಕದ ಮನೆಯ ಸೆಲ್ವಿ ಬಂದು "ವಾಂಗಮ್ಮ, ಬನ್ನಿ, ಜಗಲೀಲಾದ್ರೂ ಕೂರಿ" ಎಂದು ಕೈ ಹಿಡಿದರೂ ಏಳುತ್ತಿರಲಿಲ್ಲವಂತೆ.

ಇದೇ ಗಿರಿಜಕ್ಕನ ಸಂಕಟ. ಅಕ್ಕನನ್ನು ಆ ಕುರ್ಚಿಯಿಂದ ಏಳಿಸಬೇಕು, ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು. ಎಲ್ಲಿಗೆ? ದೇವಸ್ಥಾನ ಎಂದರೆ ಮೆಟ್ಟಿಲು, ಊರು ಎಂದರೆ ನಡಿಗೆ, ಮದುವೆ ಮನೆ ಎಂದರೆ ನೆಲದ ಮೇಲಿನ ಪಂಕ್ತಿ. ಒಂದು ಭಾನುವಾರ ನನ್ನಿಂದ ಟ್ಯಾಕ್ಸಿ ತೆಗೆದುಕೊಂಡು ಹಟ ಮಾಡಿ ಅಕ್ಕನನ್ನು ಗಾಜನೂರಿನ ಅಣೆಕಟ್ಟಿಗೆ ಕರೆದೊಯ್ದರು. ಡ್ರೈವರ್ ರಜೆ ಹಾಕಿದ್ದರಿಂದ ಕಾರು ನಾನೇ ಓಡಿಸಿದೆ. ತುಂಗೆ ತುಂಬಿ ನಿಂತಿದ್ದಳು. ನೀಲಮ್ಮ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿಕೊಂಡು, ಗಲ್ಲಕ್ಕೆ ಕೈ ಕೊಟ್ಟು, ಒಂದು ಗಂಟೆ ನೀರನ್ನೇ ನೋಡುತ್ತ ಕುಳಿತರು. ಮಂಡಕ್ಕಿ ತಿನ್ನಲೂ ಕೈ ಆಚೆ ಬರಲಿಲ್ಲ. ವಾಪಸು ಬರುವಾಗ, "ಎಷ್ಟು ಚೆನ್ನಾಗಿತ್ತಲ್ಲೇ ಗಿರಿ" ಎಂದರು. ಆ ಮುದುಕಿಯ ಬಾಯಲ್ಲಿ ನಾನು ಕೇಳಿದ ಮೊದಲ ಮಾತು ಅದು.

ಮರುದಿನವೇ ಗಿರಿಜಕ್ಕ ಅಂಗಡಿಗೆ ಬಂದು ನನ್ನ ಗೋಡೆಯ ಮೇಲಿನ ಒಂದು ಚಿತ್ರದ ಎದುರು ನಿಂತರು. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗಿಬರುವ ಪ್ರವಾಸಿ ಹಡಗು. ಕಂಪನಿಯವರು ಕಳಿಸಿದ್ದರು, ಗೋಡೆಯ ಬಿರುಕು ಮುಚ್ಚಲು ಅಂಟಿಸಿದ್ದೆ. ಶಿವಮೊಗ್ಗದಲ್ಲಿ ಅದನ್ನು ಕೊಳ್ಳುವವರು ಸಿಗುತ್ತಾರೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

"ಇದರಲ್ಲಿ ಮೆಟ್ಟಿಲಿದ್ಯಾ?"

"ಲಿಫ್ಟ್ ಇದೆ ಗಿರಿಜಕ್ಕ."

"ಊಟ?"

"ಎಲ್ಲಾ ಅಲ್ಲೇ. ರೂಮಿಗೂ ತಂದ್ಕೊಡ್ತಾರೆ."

"ಹಂಗಾದ್ರೆ ಕೂತ ಜಾಗದಿಂದ ಏಳದೇ ಮಾಡೋ ಯಾತ್ರೆ ಅನ್ನು! ನಾವು ಊರಿಗೆ ಹೋಗೋದಲ್ಲ, ಊರೇ ಬಂದು ಹೋಗುತ್ತೆ."

ನನಗೆ ನಗು ಬಂತು. ಆದರೆ ಯೋಚಿಸಿ ನೋಡಿದರೆ, ಮಂಡಿ ಸವೆದವರಿಗೆ ಅದಕ್ಕಿಂತ ಒಳ್ಳೆಯ ಯಾತ್ರೆ ಇನ್ಯಾವುದಿದೆ? ಒಂದೇ ತೊಡಕು, ಕಿಟಕಿಯ ಕೋಣೆ ದುಬಾರಿ. ಹಡಗಿನ ಹೊಟ್ಟೆಯೊಳಗಿನ, ಕಿಟಕಿಯೇ ಇಲ್ಲದ ಕೋಣೆ ಮಾತ್ರ ಅವರ ಕೈಗೆಟುಕುವಂತಿತ್ತು. ಬಹಳ ಹೊತ್ತು ಚಿತ್ರ ನೋಡಿ, "ಇರಲಿ, ದಿನಾ ಲಿಫ್ಟಲ್ಲಿ ಮೇಲೆ ಕರ್ಕೊಂಡ್ ಹೋಗ್ತೀನಿ" ಎಂದು ಮುಂಗಡ ಕೊಟ್ಟರು. ಆದರೆ ಮುಖದಲ್ಲಿ ಗೆಲುವಿರಲಿಲ್ಲ. ನೀಲಮ್ಮ ಕಾರಿನಿಂದಲೇ ಇಳಿಯದವರು, ಕೋಣೆ ಬಿಟ್ಟು ಮೇಲೆ ಹತ್ತುತ್ತಾರೆಯೇ ಎಂಬುದು ಅವರಿಗೂ ಗೊತ್ತಿತ್ತು.

ಮುಂಗಡ ಕೊಟ್ಟ ಮೇಲೆ ಶುರುವಾಯಿತು ನೋಡಿ. ಸಂತೆಗೆ ಬಂದಾಗಲೆಲ್ಲ ಒಳಗೆ ಇಣುಕಿ, "ಹಡಗು ಈಗೆಷ್ಟು?" ಈರುಳ್ಳಿಯನ್ನು ಕೇಳಿದ ಹಾಗೆಯೇ. ಟಿಕೆಟ್ಟಿಗೆ ಹಾಗೆಲ್ಲ ದರ ಕೇಳುವ ಪದ್ಧತಿಯಿಲ್ಲ, ಬುಕ್ ಆದದ್ದು ಆಯಿತು ಎಂದರೆ ಕೇಳಬೇಕಲ್ಲ. ಅವರ ಕಾಟ ತಡೆಯಲಾರದೆ ಒಂದು ದಿನ ಕಂಪನಿಗೆ ವಿಚಾರಿಸಿದೆ. ನನ್ನ ಗ್ರಹಚಾರಕ್ಕೆ ದರ ನಿಜವಾಗಿಯೂ ಇಳಿದಿತ್ತು. ಕೋಣೆಗಳು ತುಂಬಿರಲಿಲ್ಲವಂತೆ. ಇವರು ಕಿಟಕಿಯಿಲ್ಲದ ಕೋಣೆಗೆ ಒಪ್ಪಿಕೊಂಡ ದರಕ್ಕೆ, ಹೊಸದಾಗಿ ಬಂದವರಿಗೆ ಈಗ ಕಿಟಕಿಯ ಕೋಣೆಯೇ ಸಿಗುತ್ತಿತ್ತು.

ನಾನು ನಿಯಮ ಬಿಡಿಸಿ ಹೇಳಿದೆ. ಇಳಿದ ದರ ಹೊಸ ಬುಕಿಂಗಿಗೆ ಮಾತ್ರ. ಹಳೆಯದನ್ನು ರದ್ದು ಮಾಡಿ ಹೊಸದಾಗಿ ಮಾಡಿಸಬಹುದು, ಆದರೆ ರದ್ದು ಮಾಡಿದರೆ ಮುಂಗಡ ಹೋಗುತ್ತದೆ, ಉಳಿತಾಯಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

"ಬಿಟ್ಟು ಹಿಡಿಯೋದು ಬೇಡ," ಎಂದರು ಗಿರಿಜಕ್ಕ. "ಹಿಡಿದಿದ್ದನ್ನೇ ಒಂಚೂರು ಮೇಲಕ್ಕೆ ಎತ್ತೋಣ. ದುಡ್ಡು ಅವರೇ ಇಟ್ಕೊಳ್ಳಲಿ, ನಂಗೆ ಕಿಟಕಿ ಕೊಡ್ಲಿ."

"ಮುಂಬೈನವರು ಸೊಪ್ಪು ಮಾರೋರಲ್ಲ ಗಿರಿಜಕ್ಕ, ಕೊಸರು ಕೊಡೋಕೆ."

"ಕೇಳೋರು ಕೇಳ್ಲಿಲ್ಲ ಅಂದ್ರೆ ಕೊಡೋರು ಹೆಂಗೆ ಕೊಡ್ತಾರೆ? ಬಾಯಿ ಇರೋದು ಊಟಕ್ಕೆ ಮಾತ್ರ ಅಲ್ಲ. ಹಚ್ಚು ನಂಬರ್."

ಅವರಿಗೊಂದೇ ಸಮಸ್ಯೆ. ಟ್ರಂಕ್ ಆಪರೇಟರುಗಳ ಜೊತೆ ಮಾತಾಡಿ ಕಲಿತ ಹಿಂದಿ ಅವರಲ್ಲಿತ್ತು, ಆದರೆ ಅದರಲ್ಲಿ ಕೊಸರಿಗೆ ಶಬ್ದ ಇರಲಿಲ್ಲ. ಬಾಗಿಲಿಗೆ ಬಂದು ಎದುರಿನ ಬಾಷಾ ಸಾಬರನ್ನು ಕೂಗಿ ಕೇಳಿದರು, "ಸಾಬ್ರೇ, ಕೊಸರಿಗೆ ನಿಮ್ಮ ಮಾತಲ್ಲಿ ಏನಂತಾರೆ?"

ಬಾಷಾ ಸಾಬರು ತಕ್ಕಡಿ ಹಿಡಿದೇ ಯೋಚಿಸಿದರು. "ಕೊಸ್ರು ಕೋ ಹಮ್ ಭೀ ಕೊಸ್ರೂಚ್ ಬೋಲ್ತೇ ಅಮ್ಮಾ" ಎಂದರು.

ಅವರೂ ಕೊಸರನ್ನು ಕೊಸರೆಂದೇ ಅನ್ನುತ್ತಾರಂತೆ, ಅಷ್ಟು ಸಾಕಾಯಿತು. ಗಿರಿಜಕ್ಕ ಬೂತಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಜಿನಾಚೆ ನಿಂತ ನನಗೆ ಇವರ ಮಾತೆಲ್ಲ ಕೇಳುತ್ತಿತ್ತು. ಅತ್ತ ಕಡೆ ಯಾರೋ ಎಳೆಯ ಹುಡುಗಿ ಎಂದು ಅದರಿಂದಲೇ ಗೊತ್ತಾಯಿತು. ಇವರು ದರ ಇಳಿದ ಕತೆ ಹೇಳಿ, "ಹಮ್ ಕೋ ಕೊಸ್ರು ಚಾಹಿಯೇ" ಎಂದರು. ಅವಳಿಗೆ ಅರ್ಥವಾಗಲಿಲ್ಲ. ಹೋಲ್ಡ್ ಮಾಡಿ ಎಂದು ಸಂಗೀತ ಹಾಕಿ ಹೋದಳು. ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಸಾಮಾನ್ಯರಾಗಿದ್ದರೆ ಆ ಅಂಕಿಗಳಿಗೆ ಹೆದರಿಯೇ ಫೋನಿಡುತ್ತಿದ್ದರು. ಗಿರಿಜಕ್ಕ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಸಂಗೀತ ಕೇಳುತ್ತ ನಿಂತರು. ಹುಡುಗಿ ವಾಪಸು ಬಂದು, ಇನ್ನೂ ಲೈನಿನಲ್ಲಿದ್ದೀರಾ ಎಂದು ಬೆರಗಾಗಿರಬೇಕು.

"ಹಾ ಬೇಟಿ, ಲೈನ್ ಪರ್ ಹೂಂ" ಎಂದು, ಇದ್ದಕ್ಕಿದ್ದಂತೆ ಮಾತು ಬದಲಿಸಿದರು. ನಿನಗೆ ಯಾವ ಕಿವಿ ನೋಯುತ್ತದೆ ಎಂದು ಕೇಳಿದರು. ಬಲಗಿವಿಯೇ? ಮಧ್ಯಾಹ್ನದ ಮೇಲೆ ಎಡಕ್ಕೆ ಬದಲಿಸಿಕೊಳ್ಳಬೇಕು ಮಗಳೇ, ಇಲ್ಲದಿದ್ದರೆ ನನ್ನ ಹಾಗೆ ವಯಸ್ಸಾದ ಮೇಲೆ ಒಂದು ಕಡೆ ಮಂದವಾಗುತ್ತದೆ, ಮನೆಗೆ ಹೋಗಿ ಉಪ್ಪಿನ ಬಿಸಿ ಶಾಖ ಕೊಟ್ಟುಕೋ ಎಂದರು. ತಾನೂ ಇಡೀ ಜೀವಮಾನ ಇದೇ ಕೆಲಸ ಮಾಡಿದವಳು, ನಿನ್ನ ಮೇಲೆ ಕೂಗಾಡಲು ಫೋನು ಮಾಡಿಲ್ಲ ಎಂದರು. ಆಮೇಲೆ ಅಕ್ಕನ ಮಂಡಿಯ ವಿಷಯ, ಕಂಕುಳಲ್ಲಿ ಎತ್ತಿಕೊಂಡು ಬಂದ ವಿಷಯ, ಗಾಜನೂರಿನ ವಿಷಯ ಎಲ್ಲ ಹೇಳಿದರು. ಇಷ್ಟು ವರ್ಷ ನನ್ನೊಡನೆ ಒಂದು ದಿನವೂ ಇಷ್ಟನ್ನು ಒಟ್ಟಿಗೆ ಹೇಳಿದವರಲ್ಲ. ಬಗ್ಗಿ ಮೇಜಿನ ಕೆಳಗೆ ನಿಜವಾಗಿಯೂ ಏನನ್ನೋ ಹುಡುಕಿದೆ.

ಆ ಹುಡುಗಿ ಮಾಡಿದಳೋ, ಅವಳ ಮೇಲಿನವರು ಮಾಡಿದರೋ, ಹಡಗು ಹೊರಡುವ ದಿನ ಹತ್ತಿರವಾದಾಗ ಫ್ಯಾಕ್ಸ್ ಬಂತು. ಕಿಟಕಿಯ ಕೋಣೆ ಕೊಟ್ಟಿದ್ದರು. ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ "ಮಿಸೆಸ್ ಗಿರಿಜಾ ಕೊಸರು" ಎಂದಿತ್ತು. ಅದು ಇವರ ಮನೆತನದ ಹೆಸರು ಎಂದುಕೊಂಡಿರಬೇಕು. ನಾನು ಹೊಟ್ಟೆ ಹಿಡಿದು ನಕ್ಕೆ, ಮತ್ತೆ ಫೋನು ಮಾಡಿ ಹೆಸರು ತಿದ್ದಿಸಿದೆ. ಗಿರಿಜಕ್ಕ ಮಾತ್ರ ಫ್ಯಾಕ್ಸನ್ನು ಎದೆಗೊತ್ತಿಕೊಂಡು ಭದ್ರಾವತಿಯ ಬಸ್ಸು ಹತ್ತಿದರು. ನೀಲಮ್ಮ ಹೊರಡಲು ಒಪ್ಪಿದ್ದೇ ಕಿಟಕಿಯ ಮಾತು ಕೇಳಿದ ಮೇಲಂತೆ. ಬೀರೂರಿನ ತನಕ ಕಾರು, ಅಲ್ಲಿಂದ ಮುಂಬೈಗೆ ರೈಲು.

ಹೋಗಿ ಬಂದ ಮೇಲೆ ಗಿರಿಜಕ್ಕ ಅಂಗಡಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ಹಡಗು ದಡ ಬಿಟ್ಟಿದ್ದೇ ತಡ, ತಲೆ ತಿರುಗಿ, ವಾಂತಿ ಹತ್ತಿಕೊಂಡು, ವಾಪಸು ಬರುವ ತನಕ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. "ಅಕ್ಕನೇ ನನ್ನ ನೋಡ್ಕೊಂಡಿದ್ದು ಕಣೋ. ಮಂಚ ಹಿಡ್ಕೊಂಡು, ಗೋಡೆ ಹಿಡ್ಕೊಂಡು, ಎದ್ದು ಓಡಾಡಿದ್ಲು. ತಲೆ ಒತ್ತಿದ್ಲು, ಗಂಜಿ ಕುಡಿಸಿದ್ಲು. ಹೊತ್ತು ಹೊತ್ತಿಗೂ ಕಿಟಕಿ ಹತ್ರ ಕೂತು ಆಚೆ ಕಾಣಿಸಿದ್ದನ್ನೆಲ್ಲ ನಂಗೆ ಹೇಳೋಳು. ನಾನು ಕೇಳ್ತಾ ಮಲಗಿರ್ತಿದ್ದೆ" ಎಂದರು. ಸಮುದ್ರ ಹೇಗಿತ್ತು ಎಂದರೆ, "ಅಕ್ಕ ಹೇಳಿದ್ದು ಭಾಳ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಹೊರಟರು. ಅಂದು ಹಡಗು ಈಗೆಷ್ಟು ಎಂದು ಕೇಳಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡೆ.

ನೀಲಮ್ಮ ಆಮೇಲೆ ಜಗಲಿಗೆ ಬಂದು ಕೂರತೊಡಗಿದರಂತೆ. ಓಣಿಯ ಹೆಂಗಸರಿಗೆಲ್ಲ ಹಡಗಿನ ಕತೆ. ಈ ಸುದ್ದಿ ಹೇಳುವಾಗ ಗಿರಿಜಕ್ಕನ ಮುಖ ನೋಡಬೇಕಿತ್ತು.

ಕೆಲವು ವರ್ಷ ಕಳೆದವು. ಗಿರಿಜಕ್ಕನಿಗೆ ಹೊಟ್ಟೆಯಲ್ಲಿ ಗಂಟು ಎಂದರು, ಮಣಿಪಾಲಕ್ಕೆ ಹೋಗಿಬಂದರು, ಮತ್ತೆ ಬಜಾರಿಗೆ ಬರುವುದು ನಿಂತಿತು. ನಾನು ರವೀಂದ್ರನಗರದ ಮನೆಗೆ ನೋಡಲು ಹೋದಾಗ ದಿಂಬಿಗೆ ಒರಗಿ ಕುಳಿತಿದ್ದರು. ಇಷ್ಟೇ ಇಷ್ಟಾಗಿದ್ದರು. ಅದೂ ಇದೂ ಮಾತಾಡಿದೆವು. ನಾನು ಅವರನ್ನು ನಗಿಸಲು, ನಿಮ್ಮ ಕಿಟಕಿಯ ಕತೆಯನ್ನು ಈಗಲೂ ಗಿರಾಕಿಗಳಿಗೆ ಹೇಳುತ್ತೇನೆ ಎಂದೆ.

"ಆ ಕಿಟಕೀಲಿ ಸಮುದ್ರ ಕಾಣ್ತಿರ್ಲಿಲ್ಲ ಕಣೋ ನಾಗು" ಎಂದರು.

"ಮತ್ತೇನು ಕಾಣ್ತಿತ್ತು?" ಎಂದೆ.

"ಆಚೆ ಒಂದು ದೋಣಿ ನೇತು ಹಾಕಿದ್ರು. ಮುಳುಗೋ ಹೊತ್ತಿಗೆ ಹತ್ತೋಕೆ ಅಂತ ಇಟ್ಟಿರ್ತಾರಲ್ಲ, ಅದು. ಕಿಟಕಿ ತುಂಬಾ ಅದರ ಹೊಟ್ಟೆ. ಕೇಸರಿ ಬಣ್ಣ. ಮೇಲೊಂದು ಗೇಣು ಬೆಳಕು ಬರ್ತಿತ್ತು, ಅಷ್ಟೇ. ನಂಗೆ ಕಣ್ಣಿಗೆ ಬೆಳಕು ಹೊಡೆಯುತ್ತೆ ಅಂತ ಅಕ್ಕ ಅರ್ಧ ಪರದೆ ಎಳೆದಿದ್ಲು. ಮಲಗಿದ್ದಲ್ಲಿಂದ ನಂಗೆ ಕಾಣಲ್ಲ ಅಂದ್ಕೊಂಡಿದ್ಲು. ಪರದೆ ಸಂದೀಲಿ ಕಾಣ್ತಿತ್ತು."

"ಹಂಗಾದ್ರೆ ನೀಲಮ್ಮನೋರು ಹೇಳಿದ್ದು?"

"ಎಲ್ಲಾ ಅವಳೇ ಕಟ್ಟಿ ಹೇಳಿದ್ದು. ಇಷ್ಟು ಗುದ್ದಾಡಿ ಕಿಟಕಿ ಇಸ್ಕೊಂಡಿದಾಳೆ ತಂಗಿ, ಅವಳ ಮನಸ್ಸು ಮುರೀಬಾರ್ದು ಅಂತ. ಈಗೊಂದು ಮೀನು ಹಾರಿತು ಗಿರಿ, ಈಗ ನೀರು ಹಸಿರಾಯ್ತು ಗಿರಿ, ದೂರದಲ್ಲಿ ಇನ್ನೊಂದು ಹಡಗು ಹೋಗ್ತಿದೆ, ಅದರಲ್ಲಿ ಯಾರೋ ಬಟ್ಟೆ ಒಣಗಿ ಹಾಕಿದಾರೆ... ಹಡಗಲ್ಲಿ ಬಟ್ಟೆ ಒಣಗಿ ಹಾಕ್ತಾರೇನೋ? ನಂಗೆ ಆ ವಾಂತೀಲೂ ನಗು ಬರ್ತಿತ್ತು."

ನನಗೆ ಕಂಪನಿಯವರ ಮೇಲೆ ರೇಗಿ ಹೋಯಿತು. ಪುಕ್ಕಟೆ ಕೊಟ್ಟಿದ್ದೇವೆ ಎಂದು ಯಾರೂ ಒಲ್ಲದ ಕೋಣೆ ತಳ್ಳಿದ್ದರು. "ಬಂದ ದಿನಾನೇ ಹೇಳಿದ್ರೆ ಫೋನ್ ಹಚ್ಚಿ ಕೊಡ್ತಿದ್ನಲ್ಲ ಗಿರಿಜಕ್ಕ! ಕೇಳದೇ ಬಿಡೋರಾ ನೀವು? ಅದಕ್ಕೆ ಇನ್ನೊಂದು ಟ್ರಿಪ್ಪೇ ಕೊಡಿಸಬಹುದಿತ್ತು."

ಅವರು ತಲೆಯಾಡಿಸಿದರು.

"ಏನಂತ ಕೇಳ್ಲಿ ಮಾರಾಯ? ಕೂಸಿದ್ದಾಗ ಎತ್ಕೊಂಡು ಬಂದೋಳು, ಆ ವಯಸ್ಸಲ್ಲಿ ಆ ಮಂಡೀಲಿ ಎದ್ದು ನಿಂತು ನಂಗೆ ಸಮುದ್ರ ಮಾಡ್ಕೊಟ್ಲು. ಕಮ್ಮಿ ಬಿತ್ತು ಅಂತ ಕೇಳ್ಲಾ?" ಎಂದರು. ಆಮೇಲೆ, "ಅಕ್ಕಂಗೆ ಹೇಳ್ಬೇಡ" ಎಂದರು.

ಅದೇ ಕೊನೆಯ ಭೇಟಿ.

ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ನಾನು ಭದ್ರಾವತಿಗೆ ಹೋದೆ. ನೀಲಮ್ಮ ಜಗಲಿಯ ಮೇಲೆಯೇ ಇದ್ದರು. ಕೈ ಹಿಡಿದುಕೊಂಡು ಅತ್ತರು. ತನಗಿಂತ ಚಿಕ್ಕವಳು, ಮೊದಲು ಹೋಗಿಬಿಟ್ಟಳು ಎಂದರು. ಸೆಲ್ವಿ ಕಾಫಿ ತಂದಿಟ್ಟು ಹೋದಳು. ಆಮೇಲೆ ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಪಾಪ, ಹಡಗಲ್ಲೂ ಮಲಗೇ ಇದ್ಲು. ಏನೂ ನೋಡ್ಲಿಲ್ಲ. ಅವಳು ಕೊಡಿಸಿದ ಕಿಟಕೀಲಿ ನಾನೊಬ್ಳೇ ನೋಡ್ದಂಗಾಯ್ತು ಕಣಪ್ಪ" ಎಂದರು.

ಅವರ ಕಣ್ಣು ಓಣಿಯಾಚೆ ಎಲ್ಲೋ ನೆಟ್ಟಿತ್ತು. ನಾನು ಕಾಫಿ ಲೋಟ ಕೆಳಗಿಟ್ಟೆ.

"ಏನೇನು ಕಂಡಿತು ಅಮ್ಮ?" ಎಂದು ಕೇಳಿದೆ.

ಅವರು ಹೇಳತೊಡಗಿದರು.